ಉಪ್ಪಿನ ತೆರಿಗೆಯೂ ಕಾಬೂಲಿನ ಯುದ್ಧವೂ
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವೆಳ್ಳಮುಂಡದ ಈ ನೆಲ ಉದಾರವಾದುದು. ಬಯಲಿನಲ್ಲಿ ಭತ್ತ, ತೋಟದಲ್ಲಿ ಕಾಫಿ, ಮರಕ್ಕೆ ಹಬ್ಬಿದ ಮೆಣಸು, ಹಿತ್ತಿಲಲ್ಲಿ ಬಾಳೆ; ಬೇಡಿದುದನ್ನೆಲ್ಲ ಇದು ಕೊಡುತ್ತದೆ. ಆದರೆ ಒಂದು ವಸ್ತುವನ್ನು ಮಾತ್ರ ಕೊಡಲಾರದು. ಅದು ಉಪ್ಪು. ಉಪ್ಪು ಕಡಲ ಕರೆಯಿಂದ ಘಟ್ಟವನ್ನು ಹತ್ತಿಯೇ ನಮ್ಮಲ್ಲಿಗೆ ಬರಬೇಕು. ಈ ದಿನ ನಾವು ನಿಮ್ಮ ಮುಂದೆ ಇಡಬೇಕೆಂದಿರುವ ವಿಷಯ ಯುದ್ಧದ ಖರ್ಚಿನದು. ಆದರೂ ಉಪ್ಪಿನಿಂದಲೇ ಆರಂಭಿಸುತ್ತೇವೆ. ಏಕೆಂದರೆ ದೂರದ ಯುದ್ಧವೊಂದರ ಲೆಕ್ಕ ಬಡವನ ಒಲೆಯವರೆಗೆ ಬಂದು ಮುಟ್ಟುವ ದಾರಿಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ವಸ್ತು ಬೇರೊಂದಿಲ್ಲ.

ವಯನಾಡು ಆಗ ಮದರಾಸು ಆಧಿಪತ್ಯದ ಮಲಬಾರು ಜಿಲ್ಲೆಗೆ ಸೇರಿತ್ತು. ಮದರಾಸಿನಲ್ಲಿ ಒಂದು ಮಣ, ಎಂದರೆ ಸುಮಾರು 37 ಕಿಲೋ ಉಪ್ಪಿನ ಮೇಲೆ 1 ರೂಪಾಯಿ 13 ಆಣೆ ಸುಂಕವಿತ್ತು. 1877-78ರಲ್ಲಿ ಸರ್ಕಾರ ಅದನ್ನು 2 ರೂಪಾಯಿ 8 ಆಣೆಗೆ ಏರಿಸಿತು. ಯಾವ ವರ್ಷದಲ್ಲಿ ಏರಿಸಿತೆಂಬುದನ್ನು ಮಕ್ಕಳು ಗಮನಿಸಬೇಕು. ನಮ್ಮ ಹಿರಿಯರು ಧಾತು ಈಶ್ವರದ ಬರವೆಂದು ಕರೆದ ಮಹಾಕ್ಷಾಮದ ವರ್ಷಗಳೇ ಅವು. ಆ ಬರದಲ್ಲಿ ಮದರಾಸು, ಮುಂಬಯಿ, ಹೈದರಾಬಾದು, ಮೈಸೂರುಗಳಲ್ಲಿ ಒಟ್ಟು ಐವತ್ತು ಲಕ್ಷಕ್ಕೂ ಮೀರಿದ ಜನ ಮಡಿದರು. ಘಟ್ಟದ ಆಚೆಗಿನ ಮೈಸೂರು ಸಂಸ್ಥಾನವೊಂದನ್ನೇ ನೋಡಿ: 1871ರ ಜನಗಣತಿಯಲ್ಲಿ ಅಲ್ಲಿ 50 ಲಕ್ಷ 55 ಸಾವಿರ ಜನರಿದ್ದರು, 1881ರಲ್ಲಿ ಉಳಿದವರು 41 ಲಕ್ಷ 86 ಸಾವಿರ. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಜನಸಂಖ್ಯೆ ಹೀಗೆ ಕುಗ್ಗಿತು.

ಹಸಿದವರಿಗಾಗಿ ಪರಿಹಾರದ ಕೆಲಸಗಳು ನಡೆದವು ನಿಜ. ಆದರೆ ಖರ್ಚು ಮಿತಿಮೀರುತ್ತಿದೆಯೆಂದು 1877ರ ಆರಂಭದಲ್ಲಿ ವೈಸರಾಯರು ಸರ್ ರಿಚರ್ಡ್ ಟೆಂಪಲ್ ಅವರನ್ನು ಮದರಾಸಿಗೆ ಕಳುಹಿಸಿದರು. ಅವರು ಕೆಲಸಗಾರನ ದಿನದ ಕೂಲಿಯನ್ನು ಒಂದು ಪೌಂಡು ಧಾನ್ಯ ಮತ್ತು ಅದರ ಮೇಲೆ ಅಲ್ಪ ಕಾಸಿಗೆ ಇಳಿಸಿದರು. ಒಂದು ಪೌಂಡು ಎಂದರೆ ಅರ್ಧ ಕಿಲೋಗಿಂತಲೂ ಕಡಮೆ. ಇಷ್ಟರಲ್ಲಿ ಕಲ್ಲೊಡೆಯುವವನು ಬದುಕಲಾರನೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ವಾದಿಸಿದರು. ಅವರೂ ಅದೇ ಸರ್ಕಾರದ ನೌಕರರೇ. ತಿಂಗಳುಗಳ ಬಳಿಕ ಆ ಕೂಲಿಯನ್ನು ಏರಿಸಬೇಕಾಯಿತು.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇವೆ. ಇಂಥ ಬರ ಮತ್ತೆ ಬಂದರೆ ಹಣಕ್ಕೆ ಪರದಾಡಬಾರದೆಂದು ವೈಸರಾಯ್ ಲಾರ್ಡ್ ಲಿಟ್ಟನ್ನರೂ ಅರ್ಥಸಚಿವ ಸರ್ ಜಾನ್ ಸ್ಟ್ರೇಚಿಯವರೂ ಒಂದು ಯೋಜನೆಯನ್ನು ಮಾಡಿದರು. ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಯನ್ನು ಕ್ಷಾಮಕ್ಕೆಂದು ತೆಗೆದಿಡುವುದು. ಅದಕ್ಕಾಗಿ ಹೊಸ ತೆರಿಗೆಗಳನ್ನು ಹಾಕುವುದು. ಅಂಗಡಿಕಾರನೂ ಕುಶಲಕರ್ಮಿಯೂ ಲೈಸೆನ್ಸು ತೆರಿಗೆಯನ್ನು ತೆರಬೇಕಾಯಿತು. ಸಂಬಳದ ಅಧಿಕಾರಿಗಳನ್ನೂ ವಕೀಲರನ್ನೂ ಆ ತೆರಿಗೆ ಮುಟ್ಟಲಿಲ್ಲ. ಈ ಹಣವನ್ನು ಕ್ಷಾಮಕ್ಕಲ್ಲದೆ ಬೇರೆ ಯಾವುದಕ್ಕೂ ಬಳಸುವುದಿಲ್ಲವೆಂದು ಸರ್ಕಾರ ಮಾತು ಕೊಟ್ಟಿತು.

ಆದರೆ ಆ ಹಣ ಬೇರೆ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟ ಹಣವಾಗಿರಲಿಲ್ಲ. ಅದು ಸಾಮಾನ್ಯ ಬೊಕ್ಕಸದಲ್ಲಿಯೇ ಉಳಿತಾಯವಾಗಿ ಇರಬೇಕಾದ ಹಣ. ಮಗಳ ಓದಿಗೆಂದು ತಾಯಿ ಎತ್ತಿಟ್ಟ ದುಡ್ಡು ಮನೆಖರ್ಚಿನ ಡಬ್ಬಿಯಲ್ಲಿಯೇ ಇದ್ದರೆ ಏನಾಗುವುದೆಂದು ಇಲ್ಲಿ ಕುಳಿತಿರುವ ತಾಯಂದಿರಿಗೆ ನಾವು ವಿವರಿಸಬೇಕಾಗಿಲ್ಲ. 1878ರ ನವೆಂಬರಿನಲ್ಲಿ ಸರ್ಕಾರ ಆಫ್ಘಾನಿಸ್ತಾನದ ಮೇಲೆ ಯುದ್ಧಕ್ಕೆ ಹೊರಟಿತು. ಮುಂದಿನ ವರ್ಷದ ಮುಂಗಡಪತ್ರದಲ್ಲಿ ಕ್ಷಾಮದ ಒಂದೂವರೆ ಕೋಟಿ ನಿಂತುಹೋಯಿತು. ಹಾಕಿದ ತೆರಿಗೆಗಳು ಮಾತ್ರ ನಿಲ್ಲಲಿಲ್ಲ.

ಯುದ್ಧವಿದ್ದಾಗ ಎಲ್ಲರೂ ಸ್ವಲ್ಪ ಕಷ್ಟಪಡಬೇಕಲ್ಲವೇ ಎಂದು ಯಾರಾದರೂ ಕೇಳಬಹುದು. ಎಲ್ಲರೂ ಪಟ್ಟಿದ್ದರೆ ನಮ್ಮ ದೂರಿಗೆ ಅಷ್ಟು ಬಲವಿರುತ್ತಿರಲಿಲ್ಲ. ಅದೇ 1879ರ ಮಾರ್ಚಿನಲ್ಲಿ ಲಿಟ್ಟನ್ನರು ವಿಲಾಯಿತಿಯಿಂದ ಬರುವ ಒರಟು ಹತ್ತಿಬಟ್ಟೆಯ ಮೇಲಿನ ಆಮದು ಸುಂಕವನ್ನು ತೆಗೆದುಹಾಕಿದರು. ಲ್ಯಾಂಕಾಷೈರಿನ ಗಿರಣಿಯ ಒಡೆಯರು ಬಹುಕಾಲದಿಂದ ಅದನ್ನೇ ಬೇಡುತ್ತಿದ್ದರು. ವೈಸರಾಯರ ಸ್ವಂತ ಸಮಿತಿಯ ಹೆಚ್ಚಿನ ಸದಸ್ಯರು ಈ ಕ್ರಮವನ್ನು ವಿರೋಧಿಸಿದರು. ಅವರ ಮತವನ್ನು ಬದಿಗೊತ್ತಿ ವೈಸರಾಯರು ತಮ್ಮ ಅಧಿಕಾರವನ್ನು ಚಲಾಯಿಸಿದರು. 1882ರಲ್ಲಿ ಉಳಿದ ಆಮದು ಸುಂಕಗಳೂ ಬಹುಮಟ್ಟಿಗೆ ಹೋದುವು. ಬೊಕ್ಕಸದಲ್ಲಿ ಹಣವಿಲ್ಲವೆಂದು ಕ್ಷಾಮನಿಧಿಯನ್ನು ನಿಲ್ಲಿಸಿದ ಕೈಯೇ ಗಿರಣಿಯವರ ಸುಂಕವನ್ನು ಬಿಟ್ಟುಕೊಟ್ಟಿತು. ಯುದ್ಧದ ಅಂದಾಜಾದರೂ ಸರಿಯಿತ್ತೇ? ಇರಲಿಲ್ಲ. ಸೇನೆಯ ಲೆಕ್ಕದಲ್ಲಿ ಭಾರಿ ತಪ್ಪಿತ್ತೆಂದು 1880ರಲ್ಲಿ ಹೊರಬಿದ್ದಿತು. ಕೊನೆಗೆ ಖರ್ಚು ಒಂದು ಕೋಟಿ ಎಪ್ಪತ್ತು ಲಕ್ಷ ಪೌಂಡನ್ನು ಮೀರಿತು. ಇಂಗ್ಲೆಂಡು ಅದರಲ್ಲಿ ಕೊಟ್ಟುದು 50 ಲಕ್ಷ ಪೌಂಡು. ಮಿಕ್ಕುದನ್ನು ಈ ದೇಶವೇ ತೆತ್ತಿತು.

ಉಪ್ಪಿನ ಸುಂಕ 1882ರಲ್ಲಿ ಎರಡು ರೂಪಾಯಿಗೆ ಇಳಿಯಿತು. ಆಮೇಲೆ ಬರ್ಮಾದ ಯುದ್ಧ ಬಂದಿತು, ರೂಪಾಯಿಯ ಬೆಲೆಯೂ ಕುಸಿಯಿತು; 1888ರಲ್ಲಿ ಸುಂಕ ಮತ್ತೆ ಎರಡೂವರೆಗೆ ಏರಿತು. 1947ರಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳ ಮುಂಚೆ, ಮಧ್ಯಂತರ ಸರ್ಕಾರ ಅದನ್ನು ತೆಗೆದುಹಾಕಿತು.

ಮೈಸೂರಿನ ಕಥೆಯನ್ನೂ ಹೇಳದೆ ಬಿಟ್ಟರೆ ಕನ್ನಡಿಗರಾದ ನಮಗೆ ಸಮಾಧಾನವಾಗದು. 1799ರ ಒಪ್ಪಂದದಂತೆ ಆ ಸಂಸ್ಥಾನ ಬ್ರಿಟಿಷರ ಸೈನ್ಯಕ್ಕೆಂದು ವರ್ಷಕ್ಕೆ 24 ಲಕ್ಷ 50 ಸಾವಿರ ರೂಪಾಯಿ ಪೊಗದಿ ಕೊಡಬೇಕಾಗಿತ್ತು. ಬರದ ಕಾಲದಲ್ಲಿ ಸಂಸ್ಥಾನವನ್ನು ಆಳುತ್ತಿದ್ದವರು ಬ್ರಿಟಿಷ್ ಕಮಿಷನರರೇ. ಆದರೂ ಪರಿಹಾರದ ಖರ್ಚು ಮೈಸೂರಿನ ಲೆಕ್ಕಕ್ಕೇ ಬಿದ್ದಿತು. ಕೂಡಿಟ್ಟ ಹಣ ಕರಗಿ, ಅದರ ಮೇಲೆ 80 ಲಕ್ಷ ರೂಪಾಯಿ ಸಾಲ ಉಳಿಯಿತು. 1881ರಲ್ಲಿ ಹತ್ತನೆಯ ಚಾಮರಾಜ ಒಡೆಯರಿಗೆ ರಾಜ್ಯವನ್ನು ಹಿಂದಿರುಗಿಸಿದಾಗ ಆದಾಯ ಒಂದು ಕೋಟಿಯ ಆಸುಪಾಸಿನಲ್ಲಿತ್ತು. ಆಗಲೇ ಪೊಗದಿಯನ್ನು 35 ಲಕ್ಷಕ್ಕೆ ಏರಿಸಬೇಕೆಂದು ಗೊತ್ತುಮಾಡಿದರು. ಬರದ ಸಾಲದ ಕಾರಣ ಆ ಏರಿಕೆಯನ್ನು ಎರಡು ಬಾರಿ ಮುಂದೂಡಿದರು. 1896ರಿಂದ ಅದು ಜಾರಿಗೆ ಬಂದಿತು. ಹೆಚ್ಚಿದ ಹತ್ತೂವರೆ ಲಕ್ಷವನ್ನು ಮನ್ನಾ ಮಾಡುವುದಾಗಿ ಲಾರ್ಡ್ ಅರ್ವಿನ್ನರು ಹೇಳಿದುದು 1927ರಲ್ಲಿ. ನಡುವಿನ ಮೂವತ್ತು ವರ್ಷಗಳಲ್ಲಿ ಆ ಹಣದಿಂದ ಎಷ್ಟು ಶಾಲೆ, ಎಷ್ಟು ಕೆರೆಗಳಾಗಬಹುದಿತ್ತೆಂದು ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು.

ಇದೆಲ್ಲ ಪರಕೀಯರ ಆಳ್ವಿಕೆಯ ಮಾತು, ಈಗ ನಮ್ಮದೇ ಸರ್ಕಾರವಿದೆ ಎಂದು ಕೆಲವರು ಹೇಳಿಯಾರು. ವ್ಯತ್ಯಾಸ ದೊಡ್ಡದು, ಒಪ್ಪುತ್ತೇವೆ. ಈಗ ಕೇಳುವ ಹಕ್ಕು ನಮಗಿದೆ. ಹಾಗಾದರೆ ಕೇಳೋಣ. 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ಮೇಲಿನ ತೆರಿಗೆಯನ್ನು ಇಳಿಸಿದಾಗ ವರ್ಷಕ್ಕೆ 1 ಲಕ್ಷ 45 ಸಾವಿರ ಕೋಟಿ ರೂಪಾಯಿ ಕೈಬಿಡುತ್ತದೆಂದು ಸರ್ಕಾರವೇ ಅಂದಾಜು ಮಾಡಿತು. 2025-26ರ ಕೇಂದ್ರ ಮುಂಗಡಪತ್ರದಲ್ಲಿ ರಕ್ಷಣೆಗೆ ಸುಮಾರು 6 ಲಕ್ಷ 81 ಸಾವಿರ ಕೋಟಿ, ವಿದ್ಯೆಗೆ ಸುಮಾರು 1 ಲಕ್ಷ 28 ಸಾವಿರ ಕೋಟಿ. ವಿದ್ಯೆಯ ಖರ್ಚಿನ ಬಹುಭಾಗವನ್ನು ರಾಜ್ಯಗಳೇ ಹೊರುತ್ತವೆಂಬುದನ್ನು ನಾವು ಮರೆಮಾಚುವುದಿಲ್ಲ. ಗಡಿಯನ್ನು ಕಾಯುವವರು ಬೇಡವೆಂದೂ ನಾವು ಹೇಳುವುದಿಲ್ಲ.

ಆದರೆ 2024ರ ಜುಲೈ 30ರ ರಾತ್ರಿಯನ್ನು ನಮ್ಮ ಜಿಲ್ಲೆಯಲ್ಲಿ ಮರೆತವರಾರು? ಮುಂಡಕೈ, ಚೂರಲ್‌ಮಲಗಳ ಮೇಲೆ ಗುಡ್ಡ ಕುಸಿದು ಇನ್ನೂರಕ್ಕೂ ಮೀರಿದ ಜನ ಮಣ್ಣಾದರು. ಅಲ್ಲಿನ ಪುನರ್ನಿರ್ಮಾಣಕ್ಕೆಂದು 2025ರ ಫೆಬ್ರವರಿಯಲ್ಲಿ ಕೇಂದ್ರದಿಂದ ಮಂಜೂರಾದ 529 ಕೋಟಿ 50 ಲಕ್ಷ ರೂಪಾಯಿ ದಾನವಾಗಿ ಬರಲಿಲ್ಲ, ಸಾಲವಾಗಿ ಬಂದಿತು. ಬಡ್ಡಿಯಿಲ್ಲದ ಸಾಲ, ತೀರಿಸಲು ಐವತ್ತು ವರ್ಷ ಅವಧಿ, ಅದನ್ನೂ ಹೇಳಬೇಕು. ಈ ಸಭೆಯ ಮುಂದಿನ ಸಾಲಿನಲ್ಲಿ ಕುಳಿತಿರುವ ಪುಟ್ಟ ಮಕ್ಕಳಿಗೆ ಅರವತ್ತು ವರ್ಷ ಸಮೀಪಿಸುವಾಗ ಆ ಸಾಲ ತೀರುತ್ತದೆ.