ಕನ್ನಡಕ ಬಿಡೋಣವೇ? ಲೇಸರ್ ಚಿಕಿತ್ಸೆಗೆ ಮುನ್ನ ಒಂದಿಷ್ಟು ಲೆಕ್ಕ



ಮೊದಲೇ ಹೇಳಿಬಿಡುತ್ತೇನೆ, ನಾನು ಕಣ್ಣಿನ ವೈದ್ಯೆಯಲ್ಲ. ಓದಿದ್ದು ಎಂ.ಟೆಕ್., ಕೆಲಸ ಕಾಕ್ಕನಾಡಿನ ಇನ್ಫೋಪಾರ್ಕ್‌ನಲ್ಲಿ, ಮನೆ ಮಟ್ಟಾಂಚೇರಿಯಲ್ಲಿ. ಆರನೇ ತರಗತಿಯಿಂದ ಕನ್ನಡಕ ನನ್ನ ಜೊತೆಗಿದೆ. ಈಗ ಬಲಗಣ್ಣಿಗೆ ಮೈನಸ್ 5.75, ಎಡಗಣ್ಣಿಗೆ ಮೈನಸ್ 6.5. ಲೇಸರ್ ಮಾಡಿಸಿಕೊಳ್ಳಬೇಕೇ ಬೇಡವೇ ಎಂದು ಕಳೆದ ವರ್ಷ ನಾಲ್ಕು ತಿಂಗಳು ಓದಿದೆ, ಕೇಳಿದೆ, ಲೆಕ್ಕ ಹಾಕಿದೆ. ನಮ್ಮ ವಾಟ್ಸಾಪ್ ಗುಂಪಿನಲ್ಲೂ ಈ ಪ್ರಶ್ನೆ ಆಗಾಗ ಬರುತ್ತದೆ. ಆ ಲೆಕ್ಕವನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಕನ್ನಡಕ ಏಕೆ ಬೇಡವೆನಿಸುತ್ತದೆ? ಜೂನ್ ಮಳೆಯಲ್ಲಿ ಸ್ಕೂಟರ್ ಓಡಿಸುವವರಿಗೆ ಇದನ್ನು ವಿವರಿಸಬೇಕಿಲ್ಲ. ಹೆಲ್ಮೆಟ್ ಒಳಗೆ ಗಾಜು ಮಂಜಾಗುತ್ತದೆ. ಅನ್ನ ಬಸಿಯುವಾಗ ಆವಿ, ಎತ್ತಿಕೊಂಡ ಮಗುವಿನ ಕೈಗೆ ಮೊದಲು ಸಿಗುವುದೂ ಕನ್ನಡಕವೇ. ಇವೆಲ್ಲ ಸರಿಯಾದ ಕಾರಣಗಳು. ಆದರೆ ನಮ್ಮ ಕಡೆ ಇನ್ನೊಂದು ಕಾರಣವಿದೆ: "ಗಂಡಿನ ಕಡೆಯವರಿಗೆ ಕಳಿಸುವ ಫೋಟೋದಲ್ಲಿ ಕನ್ನಡಕ ಬೇಡ." ಮದುವೆ ಗೊತ್ತಾಗುವ ಮೊದಲೇ ಲೇಸರ್ ಮುಗಿಸಿಬಿಡೋಣ ಎನ್ನುವ ತಂದೆತಾಯಿಯರನ್ನು ನಾನು ಕಂಡಿದ್ದೇನೆ. ಗಂಡುಮಕ್ಕಳಿಗೆ ಈ ಮಾತು ಯಾರೂ ಹೇಳುವುದಿಲ್ಲ. ಹುಡುಗಿ ತನಗಾಗಿ ಮಾಡಿಸಿಕೊಂಡರೆ ಸಂತೋಷ, ಫೋಟೋಗಾಗಿ ಮಾಡಿಸುವುದಾದರೆ ಸ್ವಲ್ಪ ನಿಲ್ಲಿ ಎನ್ನುತ್ತೇನೆ.

ಈ ಚಿಕಿತ್ಸೆಯ ಹಿಂದೆ ನಮ್ಮವರೊಬ್ಬರ ಕೈ ಇದೆ. ಮದರಾಸು ವಿಶ್ವವಿದ್ಯಾಲಯದಲ್ಲಿ ಓದಿದ ರಂಗಸ್ವಾಮಿ ಶ್ರೀನಿವಾಸನ್ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿದ್ದರು. 1981ರ ನವೆಂಬರ್‌ನಲ್ಲಿ, ಹಬ್ಬದೂಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ತುಂಡನ್ನು ಲ್ಯಾಬಿಗೆ ಒಯ್ದು ಅದರ ಮೇಲೆ ಎಕ್ಸೈಮರ್ ಲೇಸರ್ ಹಾಯಿಸಿದರು. 193 ನ್ಯಾನೋಮೀಟರ್‌ನ ಆ ಅತಿನೇರಳೆ ಕಿರಣ ಸುತ್ತಲಿನ ಭಾಗವನ್ನು ಸುಡದೆ ಅಚ್ಚುಕಟ್ಟಾಗಿ ಕೆತ್ತಿತು. ಕಣ್ಣಿನ ವೈದ್ಯರು ಅದನ್ನು ಕಾರ್ನಿಯಾಕ್ಕೆ ಅಳವಡಿಸಿದರು.

ಕಾರ್ನಿಯಾ ಎಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ನೆನಪಿದೆಯಲ್ಲವೇ? ಕಾರ್ನಿಯಾದ ಮುಂಪದರ ಒಬ್ಬರಿಗೆ, ಹಿಂಪದರ ಇನ್ನೊಬ್ಬರಿಗೆ ಎಂದು ಬಿಡಿಸಲು ಸಾಧ್ಯವಾದ್ದರಿಂದ ಅದು ನಡೆಯಿತು. ಅಷ್ಟು ಪದರಗಳಿದ್ದರೂ ಇಡೀ ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ಲೇಸರ್ ಅದರಲ್ಲೇ ಒಂದಿಷ್ಟು ಕೆತ್ತಿ ತೆಗೆಯುತ್ತದೆ. ತೆಗೆದದ್ದು ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಪ್ರಶ್ನೆ ನಂಬರ್ ಎಷ್ಟು ಎನ್ನುವುದಷ್ಟೇ ಅಲ್ಲ, ಕೆತ್ತಿದ ಮೇಲೆ ಎಷ್ಟು ಉಳಿಯುತ್ತದೆ ಎನ್ನುವುದೂ ಹೌದು.

ನನ್ನ ಎಡಗಣ್ಣನ್ನೇ ತೆಗೆದುಕೊಳ್ಳಿ. ದಪ್ಪ 498 ಮೈಕ್ರಾನ್. ಲ್ಯಾಸಿಕ್‌ನಲ್ಲಿ ಮೊದಲು ಸುಮಾರು 110 ಮೈಕ್ರಾನಿನ ಒಂದು ಮುಚ್ಚಳ ಎತ್ತುತ್ತಾರೆ. ಅದರ ಕೆಳಗೆ, 6.5 ಮಿಲಿಮೀಟರ್ ಅಗಲದ ವಲಯದಲ್ಲಿ, ಒಂದು ಡಯಾಪ್ಟರ್‌ಗೆ ಸುಮಾರು 14 ಮೈಕ್ರಾನ್ ಕೆತ್ತಬೇಕು. ಆರೂವರೆ ನಂಬರಿಗೆ 91. ಒಟ್ಟು 201 ಮೈಕ್ರಾನ್. ಉಳಿಯುವುದು 297. ಕನಿಷ್ಠ 250 ಉಳಿಯಬೇಕು ಎಂಬ ಹಳೆಯ ನಿಯಮದಲ್ಲಿ ನಾನು ಪಾಸ್. ಆದರೆ ಒಟ್ಟು ದಪ್ಪದಲ್ಲಿ ಬದಲಾಗುವ ಪಾಲು ಶೇಕಡಾ 40 ಮುಟ್ಟಬಾರದು ಎಂಬ ಇನ್ನೊಂದು ಅಳತೆಯೂ ಇದೆ. 201ನ್ನು 498ರಿಂದ ಭಾಗಿಸಿದರೆ ಶೇಕಡಾ 40.4. ಅಲ್ಲಿ ಫೇಲ್.

ಈ ಗೆರೆ ದಾಟಿದರೆ ಏನಾಗುತ್ತದೆ? ಬಹುತೇಕರಿಗೆ ಏನೂ ಆಗದಿರಬಹುದು. ಅಪರೂಪಕ್ಕೆ ಕಾರ್ನಿಯಾ ದುರ್ಬಲಗೊಂಡು, ತಿಂಗಳುಗಳ ಅಥವಾ ವರ್ಷಗಳ ನಂತರ ಮುಂದಕ್ಕೆ ಉಬ್ಬುತ್ತದೆ. ಎಕ್ಟೇಶಿಯಾ ಎನ್ನುತ್ತಾರೆ. ಆಗ ಸಾಮಾನ್ಯ ಕನ್ನಡಕದಿಂದಲೂ ಸ್ಪಷ್ಟ ನೋಟ ಸಿಗದಿರಬಹುದು. ಕೆರಟೋಕೋನಸ್ ಎಂಬ ತೊಂದರೆ ಮೊದಲೇ ಇರುವವರಿಗೆ ಲ್ಯಾಸಿಕ್ ಮಾಡಬಾರದು ಎನ್ನುವುದೂ ಇದಕ್ಕೇ.

ಸಣ್ಣ ತೊಂದರೆಗಳು ಇದಕ್ಕಿಂತ ಹೆಚ್ಚು ಸಾಮಾನ್ಯ. ಮುಚ್ಚಳ ಎತ್ತುವಾಗ ಕಾರ್ನಿಯಾದ ನರಗಳು ತುಂಡಾಗಿ, ಕೆಲವು ತಿಂಗಳು ಕಣ್ಣು ಒಣಗುತ್ತದೆ. ಸ್ಕ್ರೀನ್ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ, ಆದ್ದರಿಂದ ಐಟಿಯವರು ಇದನ್ನು ಗಮನಿಸಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಅಧ್ಯಯನದಲ್ಲಿ, ಮೊದಲು ದೃಷ್ಟಿಯ ಯಾವ ದೂರೂ ಇಲ್ಲದವರ ಪೈಕಿ ಶೇಕಡಾ 46ರವರೆಗೆ ಜನ ಮೂರು ತಿಂಗಳ ನಂತರ ಬೆಳಕಿನ ಸುತ್ತ ವರ್ತುಲ, ಕುಕ್ಕುವಿಕೆಯಂಥ ಒಂದಾದರೂ ಲಕ್ಷಣ ಹೇಳಿದ್ದಾರೆ. ಅದರಿಂದ ದಿನದ ಕೆಲಸಕ್ಕೆ ತುಂಬಾ ತೊಂದರೆಯಾದವರು ಶೇಕಡಾ 1ಕ್ಕಿಂತ ಕಡಿಮೆ. ಅದೇ ಅಧ್ಯಯನದಲ್ಲಿ ಶೇಕಡಾ 95ಕ್ಕಿಂತ ಹೆಚ್ಚು ಜನ ತಮ್ಮ ದೃಷ್ಟಿಯ ಬಗ್ಗೆ ತೃಪ್ತರು. ಮೂರನ್ನೂ ಒಟ್ಟಿಗೆ ಓದಬೇಕು. ಜಾಹೀರಾತು ಕೊನೆಯ ಸಂಖ್ಯೆಯನ್ನಷ್ಟೇ ಹೇಳುತ್ತದೆ, ಹೆದರಿಸುವವರು ಮೊದಲನೆಯದನ್ನಷ್ಟೇ.

ಇನ್ನು ದುಡ್ಡು. ನನಗೆ ಹೇಳಿದ ದರ ಎರಡೂ ಕಣ್ಣಿಗೆ ಸೇರಿ ಮೇಲ್ಪದರದ ಪಿಆರ್‌ಕೆಗೆ ಸುಮಾರು 40,000, ಫೆಮ್ಟೋ ಲ್ಯಾಸಿಕ್‌ಗೆ 85,000, ಸ್ಮೈಲ್‌ಗೆ 1,10,000 ರೂಪಾಯಿ. 7.5 ಡಯಾಪ್ಟರ್‌ಗಿಂತ ಕಡಿಮೆ ನಂಬರಿನ ದೃಷ್ಟಿದೋಷದ ಚಿಕಿತ್ಸೆಯನ್ನು ಆರೋಗ್ಯ ವಿಮೆಗಳು ಸಾಮಾನ್ಯವಾಗಿ ಹೊರಗಿಟ್ಟಿವೆ. ನಿಮ್ಮ ಪಾಲಿಸಿಯ ಹೊರಗಿಟ್ಟ ಚಿಕಿತ್ಸೆಗಳ ಪಟ್ಟಿ ನೋಡಿಕೊಳ್ಳಿ. ನಾನು ಎರಡು ವರ್ಷಕ್ಕೊಮ್ಮೆ 9,000 ರೂಪಾಯಿಯ ಕನ್ನಡಕ ಕೊಳ್ಳುತ್ತೇನೆ, ವರ್ಷಕ್ಕೆ 4,500. ಲ್ಯಾಸಿಕ್ ಹಣ ವಾಪಸಾಗಲು ಸುಮಾರು 19 ವರ್ಷ ಬೇಕು. ಅಷ್ಟರೊಳಗೆ ನನಗೆ ನಲವತ್ತು ದಾಟಿ ಚಾಳೀಸು ಬಂದಿರುತ್ತದೆ. ಅದನ್ನು ಈ ಚಿಕಿತ್ಸೆ ತಡೆಯುವುದಿಲ್ಲ. ಕಾಂಟ್ಯಾಕ್ಟ್ ಲೆನ್ಸಿಗೆ ವರ್ಷಕ್ಕೆ 12,000 ಖರ್ಚು ಮಾಡುವವರಿಗಾದರೆ ಏಳು ವರ್ಷ. ಅಂದರೆ ನನ್ನ ಮಟ್ಟಿಗೆ ಇದು ಉಳಿತಾಯವಲ್ಲ, ಅನುಕೂಲಕ್ಕೆ ಕೊಡುವ ಬೆಲೆ. ಅನುಕೂಲಕ್ಕೆ ಹಣ ಕೊಡುವುದರಲ್ಲಿ ತಪ್ಪೇನಿಲ್ಲ, ಆದರೆ ಹಾಗೆಂದು ತಿಳಿದು ಕೊಡಬೇಕು.

ನಾನು ಎರಡು ಕಡೆ ತೋರಿಸಿದೆ. ಮೊದಲ ಕಡೆ ಸ್ಕ್ಯಾನ್ ಆದ ಹತ್ತು ನಿಮಿಷಕ್ಕೆ ಕೌನ್ಸೆಲರ್ ಬಂದು, ಎಲ್ಲ ಸರಿಯಿದೆ, ರಿಯಾಯಿತಿ ಈ ತಿಂಗಳ ಕೊನೆಯವರೆಗೆ ಮಾತ್ರ ಎಂದರು. ನಂತರ ತಿರುವನಂತಪುರದಲ್ಲಿ ಇನ್ನೊಬ್ಬ ವೈದ್ಯರು ಅದೇ ಸ್ಕ್ಯಾನನ್ನು ಇಪ್ಪತ್ತು ನಿಮಿಷ ನೋಡಿ ಎರಡೇ ಪ್ರಶ್ನೆ ಕೇಳಿದರು: "ಎಡಗಣ್ಣಿನ ನಂಬರ್ ಒಂದು ವರ್ಷದಲ್ಲಿ ಅರ್ಧ ಏರಿದೆಯಲ್ಲ? ಮಗುವಿಗೆ ಹಾಲು ಬಿಡಿಸಿ ಎಷ್ಟು ದಿನವಾಯಿತು?" ಆರು ತಿಂಗಳೂ ಆಗಿರಲಿಲ್ಲ. ಬಸುರಿ, ಬಾಣಂತಿ ಕಾಲದಲ್ಲಿ ನಂಬರ್ ಏರುಪೇರಾಗುತ್ತದೆ, ಸ್ಥಿರವಾಗುವ ತನಕ ಕೈ ಹಾಕಬಾರದು ಎಂದರು. ನನ್ನ ಕಣ್ಣಿಗೆ ಮುಚ್ಚಳವಿಲ್ಲದ ಪಿಆರ್‌ಕೆ ಆಗಬಹುದು, ಆದರೆ ಮೊದಲ ದಿನಗಳಲ್ಲಿ ನೋವು ಹೆಚ್ಚು, ಈ ನಂಬರಿಗೆ ಮಸುಕಾಗುವ ಸಂಭವವೂ ಇದೆ ಎಂದೂ ಬಿಡಿಸಿ ಹೇಳಿದರು.

ಹಾಗಾಗಿ ಲ್ಯಾಸಿಕ್ ನನಗೆ ಬೇಡ ಎಂದು ನಿರ್ಧರಿಸಿದೆ. ಒಂದು ವರ್ಷ ಬಿಟ್ಟು ಮತ್ತೆ ಸ್ಕ್ಯಾನ್, ನಂಬರ್ ನಿಂತಿದ್ದರೆ ಪಿಆರ್‌ಕೆ ಬಗ್ಗೆ ಯೋಚನೆ. ಇದೇ ವೇದಿಕೆಯ ಗೆಳತಿಯೊಬ್ಬರು ಮೈನಸ್ 3ಕ್ಕೆ ಮಾಡಿಸಿಕೊಂಡು ತುಂಬಾ ಖುಷಿಯಾಗಿದ್ದಾರೆ. ಅವರ ಕಾರ್ನಿಯಾ 550 ಮೈಕ್ರಾನ್. ಅವರ ಉತ್ತರ ನನ್ನದಾಗಲಿಲ್ಲ, ನನ್ನದು ನಿಮ್ಮದಾಗಬೇಕಿಲ್ಲ.

ಕೊನೆಯದಾಗಿ, ಹೋಗುವವರಿಗೆ ಕೆಲವು ಮಾತು:

1. ಸ್ಕ್ಯಾನಿಗೆ ಮುನ್ನ ವೈದ್ಯರು ಹೇಳಿದಷ್ಟು ದಿನ ಕಾಂಟ್ಯಾಕ್ಟ್ ಲೆನ್ಸ್ ಬಿಡಿ. ಇಲ್ಲದಿದ್ದರೆ ಅಳತೆ ತಪ್ಪುತ್ತದೆ.
2. ಕಾರ್ನಿಯಾದ ದಪ್ಪ, ಕೆತ್ತುವ ಪ್ರಮಾಣ, ಉಳಿಯುವ ಪ್ರಮಾಣ ಮೂರನ್ನೂ ಬರೆದುಕೊಡಲು ಕೇಳಿ.
3. ಕಣ್ಣು ಒಣಗುವ ಪರೀಕ್ಷೆ ಮಾಡಿಸಿ. ಕಣ್ಣುಜ್ಜುವ ಅಭ್ಯಾಸ, ಮನೆಯವರಲ್ಲಿ ಕೆರಟೋಕೋನಸ್ ಇದ್ದರೆ ಮುಚ್ಚಿಡಬೇಡಿ.
4. ಶಸ್ತ್ರಚಿಕಿತ್ಸೆಯ ಮುಂಚೆಯೂ ನಂತರವೂ ಹೇಳಿದಷ್ಟು ದಿನ ಕಾಡಿಗೆ ಬೇಡ, ಮದುವೆಮನೆಯಿದ್ದರೂ ಬೇಡ.
5. ಹಳೆಯ ಅಳತೆಯ ಕಾಗದಗಳನ್ನು ಜೋಪಾನ ಮಾಡಿ. ಮುಂದೆ ಕಣ್ಣಿನ ಪೊರೆ ಬಂದಾಗ ಒಳಗೆ ಇಡುವ ಲೆನ್ಸಿನ ಲೆಕ್ಕಕ್ಕೆ ಅವು ಬೇಕಾಗುತ್ತವೆ.
6. "ಬೇಡ" ಎಂದ ವೈದ್ಯರ ಫೀಸು ದಂಡವಲ್ಲ.

ನಿಮ್ಮ ಅನುಭವಗಳನ್ನೂ ಹಂಚಿಕೊಳ್ಳಿ.