ಇನ್ನೆಷ್ಟು ಗೆಲ್ತಾರೆ?

(ಕನ್ನಡ ರಾಜ್ಯೋತ್ಸವದ ಅಂಗವಾಗಿ ಮಾಲೂರಿನಲ್ಲಿ ಆಡಿದ ಮಾತು, ನವೆಂಬರ್ 2025)



ರಾಜ್ಯೋತ್ಸವದ ವೇದಿಕೆ ಹತ್ತಿ ನಾನು ಟೆನಿಸ್ ವಿಚಾರ ತೆಗೆದರೆ, ಇವನಿಗೇನಾಯ್ತಪ್ಪ ಅಂತ ನಿಮಗೆ ಅನಿಸಬಹುದು. ಕಾರಣ ಇದೆ. ಇದೇ ನವೆಂಬರ್ 1ರಂದು, ನಾವೆಲ್ಲ ಬಾವುಟ ಹಾರಿಸುತ್ತಿದ್ದ ದಿನವೇ, ನಮ್ಮ ಕೊಡಗಿನ ರೋಹನ್ ಬೋಪಣ್ಣ ಟೆನಿಸ್‌ಗೆ ವಿದಾಯ ಹೇಳಿದರು. ವಯಸ್ಸು 45. ಗೆದ್ದ ಗ್ರ್ಯಾಂಡ್ ಸ್ಲಾಮ್ ಎರಡು. ಇನ್ನು ಆ ಲೆಕ್ಕ ಬದಲಾಗೋದಿಲ್ಲ.

ಲೆಕ್ಕ ಇನ್ನೂ ಮುಗಿಯದ ಒಬ್ಬರಿದ್ದಾರೆ. ಸರ್ಬಿಯಾದ ನೊವಾಕ್ ಜೊಕೊವಿಚ್. ವಯಸ್ಸು 38, ಗೆದ್ದ ಗ್ರ್ಯಾಂಡ್ ಸ್ಲಾಮ್ 24. ಇನ್ನೆಷ್ಟು ಗೆಲ್ತಾರೆ? ಟಿವಿಯಲ್ಲಿ ಈ ಪ್ರಶ್ನೆ ಹಾಕಿ ನಾಲ್ಕು ಜನರನ್ನು ಕೂರಿಸಿದರೆ ನಾಲ್ಕು ಅಂಕಿ ಬರುತ್ತೆ. ಒಬ್ಬರು ಎರಡು ಅಂತಾರೆ, ಒಬ್ಬರು ಮೂರು ಅಂತಾರೆ, ಒಬ್ಬರು ಮುಗೀತು ಬಿಡಿ ಅಂತಾರೆ. ನನಗಿರೋ ಕುತೂಹಲ ಅಂಕಿಯ ಮೇಲಲ್ಲ. ಆ ಅಂಕಿ ಎಲ್ಲಿಂದ ಬಂತು ಅನ್ನೋದರ ಮೇಲೆ.

ಇದನ್ನು ಕೋಲಾರ ಜಿಲ್ಲೆಯ ರೈತರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. 2023ರ ಜುಲೈ ನೆನಪು ಮಾಡಿಕೊಳ್ಳಿ. ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅಂಥ ಬೆಲೆ ನೋಡಿದವರು ಏನು ಮಾಡ್ತಾರೆ? ಸಾಲ ಮಾಡಿಯಾದರೂ ನಾರು ತಂದು ನೆಡ್ತಾರೆ. ಎಲ್ಲರೂ ನೆಟ್ಟ ಮೇಲೆ ಏನಾಗುತ್ತೆ? ಕೀಳೋ ಕೂಲಿಯೂ ಹುಟ್ಟಲಿಲ್ಲ ಅಂತ ರಸ್ತೆಗೆ ಸುರಿದ ಹಣ್ಣು ನೀವೇ ನೋಡಿದ್ದೀರಿ. ಮೊನ್ನೆಯ ಬೆಲೆಯೇ ನಾಳೆಯೂ ಇರುತ್ತೆ ಅಂತ ಗೆರೆಯನ್ನು ಹಾಗೇ ಮುಂದಕ್ಕೆ ಎಳೆಯೋದು. ಆಟದ ಭವಿಷ್ಯ ಹೇಳುವವರು ಮಾಡೋದೂ ಅದನ್ನೇ. ಹೋದ ತಿಂಗಳು ಗೆದ್ದರೆ ಇನ್ನೂ ಮೂರು ಗೆಲ್ತಾನೆ. ಹೋದ ತಿಂಗಳು ಸೋತರೆ ಕಥೆ ಮುಗೀತು!

ಬೋಪಣ್ಣನವರ ವಿಷಯದಲ್ಲೇ ನೋಡಿ. 2010ರಲ್ಲಿ ಪಾಕಿಸ್ತಾನದ ಐಸಾಮ್ ಖುರೇಷಿ ಜೊತೆ ಅಮೆರಿಕನ್ ಓಪನ್ ಡಬಲ್ಸ್ ಫೈನಲ್ ತಲುಪಿದರು. ಬ್ರಯಾನ್ ಸಹೋದರರ ಎದುರು ಸೋತರು. ಪುರುಷರ ಡಬಲ್ಸ್‌ನಲ್ಲಿ ಮುಂದಿನ ಗ್ರ್ಯಾಂಡ್ ಸ್ಲಾಮ್ ಫೈನಲ್ ಯಾವಾಗ ಸಿಕ್ಕಿತು ಗೊತ್ತಾ? 2023ರಲ್ಲಿ. ಹದಿಮೂರು ವರ್ಷ! ನಡುವೆ 2017ರಲ್ಲಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು, ನಿಜ. ಆದರೆ ಮೊಣಕಾಲಿನ ಮೆದುಮೂಳೆ ಸವೆದುಹೋಗಿತ್ತು. ನೋವಿನ ಮಾತ್ರೆ ನುಂಗಿ ಅಂಗಳಕ್ಕೆ ಇಳಿಯೋ ಪರಿಸ್ಥಿತಿ. 2021ರಲ್ಲಿ ಐದು ತಿಂಗಳು ಒಂದೇ ಒಂದು ಪಂದ್ಯ ಗೆಲ್ಲಲಿಲ್ಲ. ನನ್ನ ಪಯಣ ಮುಗೀತು ಅಂದುಕೊಂಡಿದ್ದೆ ಅಂತ ಅವರೇ ಆಮೇಲೆ ಹೇಳಿದರು. 41 ವರ್ಷದ ಆಟಗಾರ, ಸವೆದ ಮೊಣಕಾಲು, ಐದು ತಿಂಗಳ ಸೋಲು. ಆವತ್ತು ಯಾರನ್ನು ಕೇಳಿದ್ದರೂ ಸೊನ್ನೆ ಅಂತಿದ್ದರು. ತಪ್ಪು ಅನ್ನೋಕೂ ಆಗ್ತಿರಲಿಲ್ಲ.

ಆದರೆ 2024ರ ಜನವರಿ 27ರಂದು ಏನಾಯ್ತು? ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. 43ನೇ ವಯಸ್ಸಿಗೆ! ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್. ಅಷ್ಟು ವಯಸ್ಸಿಗೆ ಆ ಜಾಗಕ್ಕೆ ಅವರಿಗಿಂತ ಮೊದಲು ಯಾರೂ ಏರಿರಲಿಲ್ಲ.

ಸರಿ, ಸೊನ್ನೆ ಅಂದವರು ಸೋತರು. ಆಮೇಲೆ ಶುರುವಾಯ್ತು ನೋಡಿ ಇನ್ನೊಂದು ರಾಗ. ಇವರಿಗೆ ವಯಸ್ಸೇ ಇಲ್ಲ, ಇನ್ನೂ ಎರಡು ಮೂರು ಗ್ಯಾರಂಟಿ ಅಂತ. ಏನಾಯ್ತು? ಅದೇ ವರ್ಷ ಫ್ರೆಂಚ್ ಓಪನ್ ಸೆಮಿಫೈನಲ್‌ನಲ್ಲಿ ಬೊಲೆಲಿ, ವವಸ್ಸೋರಿ ಅನ್ನೋ ಇಟಲಿ ಜೋಡಿಯ ಎದುರು ಸೋತರು. ಮೆಲ್ಬರ್ನ್ ಫೈನಲ್‌ನಲ್ಲಿ ಇವರು ಸೋಲಿಸಿದ್ದೂ ಅದೇ ಜೋಡಿಯನ್ನೇ. ಆಮೇಲೆ ಇನ್ನೊಂದು ಗ್ರ್ಯಾಂಡ್ ಸ್ಲಾಮ್ ಬರಲೇ ಇಲ್ಲ. ಸೊನ್ನೆ ಅಂದವರೂ ಸೋತರು, ಮೂರು ಅಂದವರೂ ಸೋತರು. ಇಬ್ಬರದೂ ಒಂದೇ ಕಾಯಿಲೆ. ಕೊನೆಯ ಫಲಿತಾಂಶ ಬಿಟ್ಟು ಬೇರೇನೂ ನೋಡಲಿಲ್ಲ.

ಸೆರೆನಾ ವಿಲಿಯಮ್ಸ್ 2017ರಲ್ಲಿ 23ನೇ ಪ್ರಶಸ್ತಿ ಗೆದ್ದಾಗ, 24 ಆಗೇ ಆಗುತ್ತೆ, 25 ಯಾವಾಗ ಅಂತ ಲೋಕವೇ ಲೆಕ್ಕ ಹಾಕ್ತಿತ್ತು. ತಾಯಿಯಾಗಿ ವಾಪಸ್ ಬಂದು 2018 ಮತ್ತು 2019ರಲ್ಲಿ ನಾಲ್ಕು ಫೈನಲ್ ಆಡಿದರು. ನಾಲ್ಕೂ ಸೋತರು. 24 ಆಗಲೇ ಇಲ್ಲ.

ಹಾಗಾದರೆ ಭವಿಷ್ಯ ಹೇಳಲೇಬಾರದಾ? ಹೇಳಬಹುದು. ಆದರೆ ಮೂರು ಪ್ರಶ್ನೆ ಕೇಳಿಕೊಂಡು ಹೇಳಬೇಕು. ಒಂದು, ಈ ಮನುಷ್ಯ ಬಾಗಿಲವರೆಗೆ ಎಷ್ಟು ಸಲ ಬರ್ತಿದ್ದಾನೆ? ಎರಡು, ಬಾಗಿಲಲ್ಲಿ ನಿಂತಿರೋದು ಯಾರು? ಮೂರು, ಆಟ ಆ ದೇಹದಿಂದ ಏನು ಕೇಳುತ್ತೆ?

ಜೊಕೊವಿಚ್‌ಗೆ ಇದನ್ನೇ ಹಾಕಿ. ಬಾಗಿಲವರೆಗೆ ಬರ್ತಾರೆ. 2025ರ ನಾಲ್ಕೂ ಗ್ರ್ಯಾಂಡ್ ಸ್ಲಾಮ್‌ನಲ್ಲಿ ಸೆಮಿಫೈನಲ್ ತಲುಪಿದರು. 38ಕ್ಕೆ ಇದು ಸಣ್ಣ ಮಾತಲ್ಲ. ಬಾಗಿಲಲ್ಲಿ ಯಾರು? ಅಲ್ಕರಾಜ್ ಮತ್ತು ಸಿನ್ನರ್. 2024 ಮತ್ತು 2025ರ ಎಂಟು ಗ್ರ್ಯಾಂಡ್ ಸ್ಲಾಮ್‌ಗಳನ್ನು ಈ ಇಬ್ಬರು ಹುಡುಗರೇ ತಲಾ ನಾಲ್ಕರಂತೆ ಹಂಚಿಕೊಂಡಿದ್ದಾರೆ. ಮೂರನೆಯವರಿಗೆ ಒಂದೂ ಬಿಟ್ಟಿಲ್ಲ. ಇನ್ನು ದೇಹ. 2024ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಇದೇ ಅಲ್ಕರಾಜ್‌ನನ್ನು ಸೋಲಿಸಿ ಜೊಕೊವಿಚ್ ಚಿನ್ನ ಗೆದ್ದರು. ಆದರೆ ಅದು ಮೂರು ಸೆಟ್‌ಗಳ ಆಟ. ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಐದು ಸೆಟ್‌ಗಳದ್ದು, ಅದೂ ಏಳು ಪಂದ್ಯ, ಎರಡು ವಾರ. ಬೋಪಣ್ಣನವರು 43ಕ್ಕೆ ಗೆದ್ದ ಗುಟ್ಟೂ ಇಲ್ಲೇ ಇದೆ. ಡಬಲ್ಸ್‌ನಲ್ಲಿ ಅರ್ಧ ಅಂಗಳ ಜೊತೆಗಾರ ನೋಡಿಕೊಳ್ತಾನೆ; ಸರ್ವ್ ಜೋರಾಗಿದ್ದು ನೆಟ್ ಹತ್ತಿರ ಕೈ ಚುರುಕಾಗಿದ್ದರೆ ಕಾಲಿಗೆ ಸ್ವಲ್ಪ ಪುರುಸೊತ್ತು ಸಿಗುತ್ತೆ. ಸಿಂಗಲ್ಸ್‌ನಲ್ಲಿ ಆ ಪುರುಸೊತ್ತಿಲ್ಲ. ಓಪನ್ ಯುಗದಲ್ಲಿ ಪುರುಷರ ಸಿಂಗಲ್ಸ್ ಗ್ರ್ಯಾಂಡ್ ಸ್ಲಾಮ್ ಗೆದ್ದ ಅತಿ ಹಿರಿಯ ಕೆನ್ ರೋಸ್‌ವಾಲ್. 1972ರಲ್ಲಿ, 37ನೇ ವಯಸ್ಸಿಗೆ. ಜೊಕೊವಿಚ್ ಆ ವಯಸ್ಸನ್ನೂ ದಾಟಿದ್ದಾರೆ.

ಅದಕ್ಕೇ ನನ್ನ ಲೆಕ್ಕ ಹೇಳ್ತೀನಿ, ಬರೆದಿಟ್ಟುಕೊಳ್ಳಿ. ಹೆಚ್ಚೆಂದರೆ ಒಂದು. ಒಂದೇ ಅಂಕಿ ಹೇಳು ಅಂದರೆ ಸೊನ್ನೆ. ಸುಳ್ಳಾದರೆ ನನಗಿಂತ ಸಂತೋಷಪಡುವವನು ಇನ್ನೊಬ್ಬನಿಲ್ಲ.

ಈಗ ನಿಮ್ಮೂರಿಗೆ ಬರ್ತೀನಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ನಿಮ್ಮ ತಾಲ್ಲೂಕಿನವರು. 1891ರಲ್ಲಿ ಹುಟ್ಟಿದವರು. ಕೊಡಗಿನ ಕೊನೆಯ ರಾಜನ ಮೇಲೆ ಅವರು ಬರೆದ 'ಚಿಕವೀರ ರಾಜೇಂದ್ರ' ಕಾದಂಬರಿ 1956ರಲ್ಲಿ ಬಂತು. ಆಗ ಅವರಿಗೆ 65. ಸರ್ಕಾರಿ ನೌಕರರನ್ನು ಮನೆಗೆ ಕಳಿಸೋ ವಯಸ್ಸು ದಾಟಿಯಾಗಿತ್ತು. ಅದೇ ಕಾದಂಬರಿಗೆ 1983ರ ಜ್ಞಾನಪೀಠ ಬಂತು. ಆಗ 92! ಐವತ್ತೈದು ದಾಟಿದವರನ್ನು ನೋಡಿ 'ಇನ್ನೇನು ಬರೀತಾರೆ' ಅಂತ ಯಾರಾದರೂ ಷರಾ ಬರೆದುಬಿಟ್ಟಿದ್ದರೆ?

ಜೊಕೊವಿಚ್ ಬಗ್ಗೆ ನನ್ನ ಲೆಕ್ಕ ತಪ್ಪಾದರೆ ಅವರಿಗೇನೂ ನಷ್ಟವಿಲ್ಲ. ಅವರು ನನ್ನ ಮಾತು ಕೇಳಿ ರಾಕೆಟ್ ಕೆಳಗಿಡೋದಿಲ್ಲ. ಆದರೆ ನಿಮ್ಮ ಮನೆಯ ಮಗ, ಮಗಳು ನಿಮ್ಮ ಮಾತು ಕೇಳ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಒಂದು ಸಲ ನಪಾಸಾದ ಹುಡುಗನಿಗೆ, ಎರಡು ಸಲ ಸೆಲೆಕ್ಷನ್ ತಪ್ಪಿದ ಕಬಡ್ಡಿ ಹುಡುಗಿಗೆ, ಬೆಳಗ್ಗೆ ರೈಲಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಬಂದು ಪರೀಕ್ಷೆಗೆ ಓದುವ ಮೂವತ್ತರ ತಮ್ಮನಿಗೆ, 'ನಿನ್ನ ಕೈಲಿ ಇನ್ನೇನಾಗುತ್ತೆ' ಅಂತೀವಲ್ಲ, ಅದೂ ಭವಿಷ್ಯವೇ. ಕೊನೆಯ ಫಲಿತಾಂಶ ಒಂದನ್ನೇ ನೋಡಿ ಹೇಳಿದ ಭವಿಷ್ಯ. ವ್ಯತ್ಯಾಸ ಇಷ್ಟೇ, ಅವರು ಅದನ್ನು ನಂಬಿಬಿಡ್ತಾರೆ.

ಎಲ್ಲರೂ ಗೆದ್ದೇ ಗೆಲ್ತಾರೆ ಅಂತ ನಾನು ಹೇಳ್ತಿಲ್ಲ. ಅದು ಸುಳ್ಳು. ಸೆರೆನಾ ಅಂಥವರಿಗೇ ಕೊನೆಯ ಒಂದು ಸಿಗಲಿಲ್ಲ. ಬೋಪಣ್ಣನವರು ಆರು ಗ್ರ್ಯಾಂಡ್ ಸ್ಲಾಮ್ ಫೈನಲ್ ಆಡಿ ನಾಲ್ಕು ಸೋತರು. ಆದರೆ ಅಯ್ಯಂಗಾರ್ ಯೋಗ ಕಲಿತು ಆ ಮೊಣಕಾಲನ್ನು ದಾರಿಗೆ ತಂದರು. ನಂಬರ್ ಒನ್ ಆಗೋಕೆ ಮಾಡಲಿಲ್ಲ. ನಾಳೆ ಬೆಳಗ್ಗೆ ನೋವಿಲ್ಲದೆ ಆಡೋಕೆ ಮಾಡಿದರು. ಮಿಕ್ಕಿದ್ದು ಆಮೇಲೆ ಬಂತು.

ಅದಕ್ಕೇ ಕೇಳಿಕೊಳ್ತೀನಿ. ಮನೆಯ ಮಕ್ಕಳನ್ನು 'ಇನ್ನೆಷ್ಟು ಗೆಲ್ತೀಯ' ಅಂತ ಕೇಳಬೇಡಿ. 'ನಾಳೆ ಎಷ್ಟು ಗಂಟೆಗೆ ಎಬ್ಬಿಸಲಿ' ಅಂತ ಕೇಳಿ.