ಕಾಡುದಾರಿಯ ಪಾಲುದಾರರು



ಮುಳ್ಳೋಡಿಯಿಂದ ಕುದುರೆಮುಖ ಶಿಖರಕ್ಕೆ ಹತ್ತುವ ದಾರಿ ನಮ್ಮಲ್ಲಿ ಕೆಲವರಿಗೆ ಪರಿಚಿತ. ಆ ದಾರಿ ಯಾರದು ಎಂಬುದೇ ನನ್ನ ಇಂದಿನ ಪ್ರಶ್ನೆ. ೧೯೮೭ರಲ್ಲಿ ಆ ಅರಣ್ಯ ರಾಷ್ಟ್ರೀಯ ಉದ್ಯಾನವಾಯಿತು. ಸರ್ವೋಚ್ಚ ನ್ಯಾಯಾಲಯದ ೨೦೦೨ರ ತೀರ್ಪಿನಂತೆ ೨೦೦೫ರ ಅಂತ್ಯಕ್ಕೆ ಗಣಿ ನಿಂತಿತು. ಈಗ ಅರಣ್ಯ ಇಲಾಖೆ ಮುಂಗಡ ನೋಂದಣಿಯ ಮೇಲೆ ದಿನಕ್ಕೆ ೩೦೦ ಚಾರಣಿಗರನ್ನಷ್ಟೇ ಬಿಡುತ್ತದೆ. ಮಿತಿ ಸರಿಯೇ, ನಾನೂ ಆ ಚೀಟಿ ಹಿಡಿದು ಹತ್ತಿದವನೇ. ಆದರೆ ತಲೆಮಾರುಗಳಿಂದ ಅಲ್ಲಿ ಬಾಳಿದ ಮಲೆಕುಡಿಯರಿಗೆ ಸ್ಥಳಾಂತರದ ಮಾತು, ನಮಗೆ ಪ್ರವೇಶದ ಚೀಟಿ: ಈ ವೈಪರೀತ್ಯ ನನ್ನನ್ನು ಬಾಧಿಸುತ್ತದೆ.

೨೦೧೮ರ ಮಾರ್ಚಿನಲ್ಲಿ ತೇಣಿ ಜಿಲ್ಲೆಯ ಕುರಂಗಣಿಯ ಕಾಳ್ಗಿಚ್ಚು ೨೦ಕ್ಕೂ ಹೆಚ್ಚು ಚಾರಣಿಗರನ್ನು ಬಲಿ ತೆಗೆದುಕೊಂಡಿತು. ನಮ್ಮ ಚೆನ್ನೈಯಿಂದ ಹೋದವರೂ ಅವರಲ್ಲಿದ್ದರು. ೨೦೨೪ರಲ್ಲಿ ತಮಿಳುನಾಡು ಸರ್ಕಾರ ೪೦ ಚಾರಣಪಥಗಳನ್ನು ತೆರೆದಾಗ ಸ್ಥಳೀಯ ಬುಡಕಟ್ಟಿನ ಯುವಜನರನ್ನು ತರಬೇತಿಯಿತ್ತು ಮಾರ್ಗದರ್ಶಕರನ್ನಾಗಿ ಮಾಡಿತು. ಗಾಳಿ ತಿರುಗಿದರೆ ಕಿಚ್ಚು ಎತ್ತ ಹರಿಯುವುದೆಂದು ಬಲ್ಲವರು ಅವರೇ ಅಲ್ಲವೇ?

ಸಹಭಾಗಿತ್ವವೆಂದರೆ ಶುಲ್ಕ ತೆತ್ತು ರಸೀದಿ ಪಡೆಯುವುದಲ್ಲ. ದಾರಿಯ ಆದಾಯದಲ್ಲಿಯೂ ನಿರ್ಧಾರದಲ್ಲಿಯೂ ಅಲ್ಲಿಯವರಿಗೆ ಪಾಲಿರುವುದು. ನಮ್ಮ ಸಂಘ ಕುದುರೆಮುಖಕ್ಕೆ ಹೊರಟರೆ ಮೊದಲು ಅವರ ಅಂಗಳದಲ್ಲಿ ಕುಳಿತು ಕೇಳೋಣ, ಶಿಖರ ಆಮೇಲೆ.